ಅಮ್ಮನಿಗೆ ಪಾರ್ಕಿನ್ಸನ್ಸ್: ಸ್ಟೆಮ್ ಸೆಲ್ ಚಿಕಿತ್ಸೆಗೆ ಬಂಗಾರ ಅಡವಿಡುವುದಾ?

ಶಂಕರಪುರದ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಮ್ಮನಿಗೆ 66. ಪಾರ್ಕಿನ್ಸನ್ಸ್ ಎಂದು ಗೊತ್ತಾಗಿ ಆರು ವರ್ಷ ಆಯಿತು. ನಮ್ಮದು ಮಲ್ಲಿಗೆ ಕೃಷಿ. ಅಮ್ಮ ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು, ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಬಾಯಿ ನಮ್ಮ ಹತ್ತಿರ ಮಾತಾಡುತ್ತಿತ್ತು, ಕಣ್ಣು ಗೇಟಿನ ಕಡೆ ಇರುತ್ತಿತ್ತು, ಬೆರಳು ಮಾತ್ರ ತನ್ನಷ್ಟಕ್ಕೆ ಓಡುತ್ತಿತ್ತು. ಈಗ ಯೋಚಿಸಿದರೆ ಕಾಯಿಲೆ ಮೊದಲು ಬಂದದ್ದು ಮೂಗಿಗೆ. "ಈ ವರ್ಷ ಹೂವಿಗೆ ಪರಿಮಳವೇ ಇಲ್ಲ" ಎನ್ನುತ್ತಿದ್ದರು. ನಾವು ಗೊಬ್ಬರ ಸರಿ ಬೀಳಲಿಲ್ಲ ಅಂದುಕೊಂಡೆವು. ಎರಡು ವರ್ಷ ಕಳೆದ ಮೇಲೆ ಬಲಗೈ ಹೆಬ್ಬೆರಳು ನಿಧಾನವಾಯಿತು. ನಡುಕ ಅಲ್ಲ, ಬರೀ ನಿಧಾನ. ನಾರು ಸುತ್ತುವಾಗ ಬೆರಳು ಅಲ್ಲೇ ನಿಂತುಬಿಡುತ್ತಿತ್ತು. ಅಮ್ಮ ಅದನ್ನೇ ನೋಡುತ್ತಾ ಕೂರುತ್ತಿದ್ದರು.

ಈಗ ದಿನಕ್ಕೆ ನಾಲ್ಕು ಸಲ ಸಿಂಡೋಪಾ ಪ್ಲಸ್. ಮಾತ್ರೆ ಹಿಡಿದಾಗ ಚೆನ್ನಾಗಿರುತ್ತಾರೆ. ಮೂರು ಗಂಟೆ ಆಗುವಾಗ ಇಳಿದುಬಿಡುತ್ತದೆ. ಆಮೇಲೆ ಕುರ್ಚಿಯಿಂದ ಏಳಲಿಕ್ಕೂ ಒಬ್ಬರು ಬೇಕು.

ದುಬೈಯಲ್ಲಿರುವ ಅಣ್ಣ ಒಂದು ವಿಡಿಯೋ ಕಳಿಸಿದ್ದಾನೆ. ದೊಡ್ಡ ಊರಿನ ಒಂದು ಕ್ಲಿನಿಕ್‌ನಲ್ಲಿ ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶ ಆಗಬಲ್ಲ ಮೂಲ ಕೋಶ, ಕೊಡುತ್ತಾರಂತೆ. ಮೂರು ಸಲ ಹೋಗಬೇಕು, ಏಳು ಲಕ್ಷ. ಜಪಾನಿನಲ್ಲಿ ಸ್ಟೆಮ್ ಸೆಲ್‌ನಿಂದ ಪಾರ್ಕಿನ್ಸನ್ಸ್ ಕಡಿಮೆಯಾಯಿತು ಎಂದು ಪೇಪರಿನಲ್ಲಿ ಬಂದದ್ದನ್ನೂ ಅವನೇ ಕಳಿಸಿದ. "ಎರಡೂ ಒಂದೇ ಅಲ್ವಾ, ಅಮ್ಮನ ಬಂಗಾರ ಸೊಸೈಟಿಯಲ್ಲಿ ಇಡುವ, ನಾನು ಬಿಡಿಸುತ್ತೇನೆ" ಎನ್ನುತ್ತಾನೆ. ಅವನ ಪ್ರೀತಿ ನನಗೆ ಗೊತ್ತುಂಟು. ಆದರೆ ಎರಡೂ ನಿಜವಾಗಿ ಒಂದೇನಾ? ತಿಳಿದವರು ಹೇಳಿ.

ಹಳೆಯಂಗಡಿ ಮಾಸ್ಟ್ರು:

ತಂಗೀ, ನಾನೇ ಒಬ್ಬ ಪಾರ್ಕಿನ್ಸನ್ಸ್ ರೋಗಿ. ಹನ್ನೊಂದು ವರ್ಷ ಆಯಿತು. ಈ ಉತ್ತರವನ್ನು ನಾನು ಹೇಳಿ ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ.

ಬಂಗಾರ ಸದ್ಯಕ್ಕೆ ಮನೆಯಲ್ಲೇ ಇರಲಿ. ಅವಸರ ಬೇಡ. ಈ ಕಾಯಿಲೆ ಒಂದು ತಿಂಗಳಲ್ಲಿ ಏನೂ ಮಾಡುವುದಿಲ್ಲ. ಅವಸರ ಇರುವುದು ಹಣ ತೆಗೆದುಕೊಳ್ಳುವವರಿಗೆ.

ಕಾರ್ಕಳದ ಅಳಿಯ:

ನಮ್ಮ ಮಾವನಿಗೆ ಇದನ್ನೇ ಮಾಡಿಸಿದೆವು. ಹಾಗಾಗಿ ಬರೆಯುತ್ತಿದ್ದೇನೆ. ಕ್ಲಿನಿಕ್‌ನ ಹೆಸರು ಹೇಳುವುದಿಲ್ಲ.

ಮೂರು ವರ್ಷದ ಹಿಂದೆ. ಅರ್ಧ ಎಕರೆ ಅಡಿಕೆ ತೋಟ ಕೊಟ್ಟೆವು. ಸೊಂಟದ ಎಲುಬಿಗೆ ಸೂಜಿ ಹಾಕಿ ಮಜ್ಜೆ ತೆಗೆದರು. ಅದನ್ನು ಏನೋ ಮಾಡಿ ಮಧ್ಯಾಹ್ನವೇ ಬೆನ್ನುಹುರಿಯ ನೀರಿಗೆ ಇಂಜೆಕ್ಷನ್ ಕೊಟ್ಟರು, ಉಳಿದದ್ದನ್ನು ಡ್ರಿಪ್‌ನಲ್ಲಿ ಬಿಟ್ಟರು. ಸಂಜೆ ಎಲ್ಲರಿಗೂ ಒಂದೊಂದು ಶಾಲು, ಫೋಟೋ.

ಸತ್ಯ ಹೇಳಬೇಕು, ಮೊದಲ ತಿಂಗಳು ಮಾವ ಚೆನ್ನಾಗಿದ್ದರು. ತಾವೇ ಅಂಗಳ ದಾಟಿ ದನದ ಹಟ್ಟಿಗೆ ಹೋದರು. ನಾನು ಅತ್ತೆಯವರ ಎದುರು ಅತ್ತುಬಿಟ್ಟಿದ್ದೆ, ಖುಷಿಯಿಂದ. ಮೂರನೇ ತಿಂಗಳಿಗೆ ಎಲ್ಲ ಮೊದಲಿನ ಹಾಗೇ. ಫೋನ್ ಮಾಡಿದರೆ "ಬೂಸ್ಟರ್ ಬೇಕು, ಎರಡು ಲಕ್ಷ" ಎಂದರು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. "ಹೊಸ ಕೋಶ ಕೆಲಸ ಶುರು ಮಾಡಿದೆ, ಮಾತ್ರೆ ಬಿಟ್ಟುನೋಡಿ" ಎಂದು ಹೇಳಿದ್ದರು. ಮಾವ ಒಮ್ಮೆಲೇ ಬಿಟ್ಟರು. ನಾಲ್ಕನೇ ದಿನ ಮೈ ಹಲಗೆಯ ಹಾಗೆ ಬಿಗಿದುಹೋಯಿತು. ಬಚ್ಚಲಲ್ಲಿ ಬಿದ್ದು ತೊಡೆಯ ಎಲುಬು ಮುರಿಯಿತು. ಈಗ ವಾಕರ್ ಹಿಡಿದೇ ನಡೆಯುವುದು.

ಫೈಲ್ ಇನ್ನೂ ನನ್ನ ಹತ್ತಿರ ಉಂಟು. ಅದರಲ್ಲಿ ಎಷ್ಟು ಕೋಶ ಕೊಟ್ಟರು, ಯಾವ ಬಗೆಯ ಕೋಶ, ಯಾವ ಸಂಶೋಧನೆಯ ಭಾಗ, ಒಂದೂ ಇಲ್ಲ. ಬಿಲ್ ಮಾತ್ರ ಸರಿಯಾಗಿ ಉಂಟು.

ಬಜ್ಪೆ ಮೂಲ, ಈಗ ಲ್ಯಾಬಿನಲ್ಲಿ:

ಅಕ್ಕ, ನಾನು ಬೆಂಗಳೂರಿನಲ್ಲಿ ಕೋಶ ಬೆಳೆಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ. ನಿಮ್ಮ ಪ್ರಶ್ನೆಗೆ ಉತ್ತರ: ಎರಡೂ ಒಂದೇ ಅಲ್ಲ. ಹೆಸರು ಮಾತ್ರ ಒಂದೇ.

ಪಾರ್ಕಿನ್ಸನ್ಸ್‌ನಲ್ಲಿ ಮಿದುಳಿನ ಬುಡದಲ್ಲಿ ಡೋಪಮಿನ್ ಎಂಬ, ಚಲನೆಗೆ ಬೇಕಾದ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತಾ ಹೋಗುತ್ತವೆ. ಕೈ ನಿಧಾನವಾಗುವ ಹೊತ್ತಿಗೆ ಅರ್ಧದಷ್ಟು ಅಥವಾ ಇನ್ನೂ ಜಾಸ್ತಿ ಹೋಗಿರುತ್ತವೆ. ನಿಮ್ಮ ಅಮ್ಮ ತೆಗೆದುಕೊಳ್ಳುವ ಮಾತ್ರೆ ಮಿದುಳಿಗೆ ಹೋಗಿ ಡೋಪಮಿನ್ ಆಗುತ್ತದೆ. ಸಂಶೋಧಕರ ಯೋಚನೆ ಏನೆಂದರೆ, ಸತ್ತ ಕೋಶಗಳ ಜಾಗಕ್ಕೆ ಅದೇ ಜಾತಿಯ ಹೊಸ ಕೋಶ ನೆಡುವುದು.

ಇದು ನಿನ್ನೆ ಮೊನ್ನೆಯದಲ್ಲ. ಸ್ವೀಡನ್ನಿನ ಲುಂಡ್‌ನಲ್ಲಿ 1987ರಲ್ಲೇ ಶುರುವಾಯಿತು. ಆಗ ಮನುಷ್ಯನ ಸ್ಟೆಮ್ ಸೆಲ್‌ನಿಂದ ಇಂಥ ಕೋಶ ಬೆಳೆಸುವ ವಿದ್ಯೆ ಇರಲಿಲ್ಲ. ಗರ್ಭಪಾತವಾದ ಭ್ರೂಣಗಳ ಮಿದುಳಿನ ಅಂಗಾಂಶ ತೆಗೆದು ನೆಟ್ಟರು. ಕೆಲವರಿಗೆ ತುಂಬಾ ಒಳ್ಳೆಯದಾಯಿತು. ಆಮೇಲೆ ಅಮೆರಿಕದಲ್ಲಿ ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿದರು. 40 ಮಂದಿ, ಅರ್ಧ ಜನರಿಗೆ ಅಂಗಾಂಶ, ಉಳಿದ ಅರ್ಧ ಜನರಿಗೆ ತಲೆಬುರುಡೆಯಲ್ಲಿ ತೂತು ಮಾತ್ರ. ಯಾರಿಗೆ ಏನು ಸಿಕ್ಕಿತು ಎಂದು ರೋಗಿಗೆ ಗೊತ್ತಿಲ್ಲ. 2001ರಲ್ಲಿ ಫಲಿತಾಂಶ ಬಂತು. ಸ್ವಲ್ಪ ಚಿಕ್ಕ ವಯಸ್ಸಿನವರಿಗೆ ಒಂದಿಷ್ಟು ಲಾಭ, ಉಳಿದವರಿಗೆ ಹೇಳುವಂಥದ್ದೇನೂ ಇಲ್ಲ. ಕೆಲವರಿಗೆ ಮಾತ್ರೆ ನಿಲ್ಲಿಸಿದರೂ ನಿಲ್ಲದ ಅಲುಗಾಟ ಶುರುವಾಯಿತು. 2003ರಲ್ಲಿ ಬಂದ ಇನ್ನೊಂದು ಪರೀಕ್ಷೆಯೂ ಹೆಚ್ಚುಕಡಿಮೆ ಹಾಗೇ. ಆ ದಾರಿ ಅಲ್ಲಿಗೆ ತಣ್ಣಗಾಯಿತು.

ಮತ್ತೆ ಜೀವ ಬಂದದ್ದು ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕಾ ಅವರಿಂದ. 2006ರಲ್ಲಿ ಇಲಿಯ ಚರ್ಮದ ಕೋಶವನ್ನು, ಮರುವರ್ಷ ಮನುಷ್ಯನ ಕೋಶವನ್ನು, ಹಿಂದಕ್ಕೆ ತಿರುಗಿಸಿ ಸ್ಟೆಮ್ ಸೆಲ್ ಮಾಡಿ ತೋರಿಸಿದರು. 2012ರಲ್ಲಿ ನೊಬೆಲ್ ಬಂತು. ಐಪಿಎಸ್ ಕೋಶ ಎನ್ನುವುದು ಇದಕ್ಕೇ. ಅದರಿಂದ ಡೋಪಮಿನ್ ಕೋಶ ಬೆಳೆಸಬಹುದು.

ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ಮಿದುಳಿಗೆ ಹಾಕುವುದು ಸ್ಟೆಮ್ ಸೆಲ್ ಅಲ್ಲ. ಸ್ಟೆಮ್ ಸೆಲ್ಲನ್ನೇ ಹಾಕಿದರೆ ಗಡ್ಡೆ ಬೆಳೆಯಬಹುದು. ಪೂರ್ತಿ ಬಲಿತ ನರಕೋಶ ಹಾಕಿದರೆ ಬದುಕುವುದಿಲ್ಲ. ಗದ್ದೆ ಕಂಡವರಿಗೆ ಹೇಳುವುದು ಸುಲಭ: ಬೀಜವೂ ಅಲ್ಲ, ತೆನೆ ಬಂದ ಪೈರೂ ಅಲ್ಲ, ನೇಜಿ. ಡೋಪಮಿನ್ ಕೋಶ ಆಗುವ ದಾರಿಯಲ್ಲಿ ಅರ್ಧ ಬಂದ ಸಸಿ. ಅದನ್ನು ವಾರಗಟ್ಟಲೆ ಲ್ಯಾಬಿನಲ್ಲಿ ಬೆಳೆಸಿ, ಬೇರೆ ಜಾತಿಯ ಕೋಶ ಸೇರಿದೆಯಾ ಎಂದು ಆರಿಸಿ, ತಲೆಗೆ ಚೌಕಟ್ಟು ಕಟ್ಟಿ, ಸ್ಕ್ಯಾನ್ ನೋಡಿಕೊಂಡು ತೆಳು ಸೂಜಿಯಲ್ಲಿ ಮಿದುಳಿನ ಒಳಗಿನ ಪ್ಯೂಟಮೆನ್ ಎಂಬ ಜಾಗಕ್ಕೇ ಬಿಡುತ್ತಾರೆ. ಬೆಳಿಗ್ಗೆ ಮಜ್ಜೆ ತೆಗೆದು ಮಧ್ಯಾಹ್ನ ಬೆನ್ನಿಗೆ ಕೊಡುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಜಪಾನಿನ ಕ್ಯೋಟೋದಲ್ಲಿ ಮೊದಲನೆಯವರಿಗೆ ಮಾಡಿದ್ದು 2018ರ ಅಕ್ಟೋಬರ್‌ನಲ್ಲಿ. ಮಿದುಳಿನ ಎಡಬದಿಗೆ 24 ಲಕ್ಷ ಕೋಶ. ಜುನ್ ತಕಹಾಶಿ ಅವರ ತಂಡ. ಒಟ್ಟು ಏಳು ಮಂದಿ, 50ರಿಂದ 69 ವಯಸ್ಸಿನವರು. ಎರಡು ವರ್ಷ ನೋಡಿ 2025ರ ಏಪ್ರಿಲ್‌ನಲ್ಲಿ ವರದಿ ಕೊಟ್ಟರು. ಗಡ್ಡೆ ಬೆಳೆಯಲಿಲ್ಲ, ಗಂಭೀರ ತೊಂದರೆ ಆಗಲಿಲ್ಲ. ಲಾಭ ಅಳೆದ ಆರು ಮಂದಿಯಲ್ಲಿ ನಾಲ್ವರಿಗೆ, ಮಾತ್ರೆ ಇಲ್ಲದ ಹೊತ್ತಿನಲ್ಲೂ ಚಲನೆ ಸುಧಾರಿಸಿತು. ಸ್ಕ್ಯಾನ್‌ನಲ್ಲಿ ಡೋಪಮಿನ್ ತಯಾರಾಗುವುದೂ ಹೆಚ್ಚಾಗಿ ಕಂಡಿತು. ಅದೇ ಹೊತ್ತಿಗೆ ಅಮೆರಿಕ ಮತ್ತು ಕೆನಡಾದ 12 ಮಂದಿಯ ವರದಿಯೂ ಬಂತು, ಬ್ಲೂರಾಕ್ ಎಂಬ ಕಂಪನಿಯದು. ಅದು ಭ್ರೂಣದ ಸ್ಟೆಮ್ ಸೆಲ್‌ನಿಂದ ಬೆಳೆಸಿದ್ದು. ಜಾಸ್ತಿ ಡೋಸ್ ಪಡೆದವರು 18 ತಿಂಗಳಿಗೆ ಚೆನ್ನಾಗಿಯೇ ಸುಧಾರಿಸಿದರು.

ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ಖುಷಿ. ಆದರೆ ಲೆಕ್ಕ ನೋಡಿ: ಏಳು, ಮತ್ತೆ ಹನ್ನೆರಡು. ಎಲ್ಲರಿಗೂ ತಮಗೆ ಕೋಶ ಸಿಕ್ಕಿದೆ ಎಂದು ಗೊತ್ತಿತ್ತು. ಕಾರ್ಕಳದ ಅಣ್ಣ, ನಿಮ್ಮ ಮಾವ ಒಂದು ತಿಂಗಳು ಚೆನ್ನಾಗಿದ್ದರು ಎಂದಿರಲ್ಲ, ಅದು ಸುಳ್ಳಲ್ಲ. ಗುಣವಾಗುತ್ತದೆ ಎಂಬ ನಂಬಿಕೆಯಿಂದಲೇ ಪಾರ್ಕಿನ್ಸನ್ಸ್ ರೋಗಿಯ ಮಿದುಳಿನಲ್ಲಿ ಡೋಪಮಿನ್ ಬಿಡುಗಡೆಯಾಗುತ್ತದೆ. 2001ರಲ್ಲಿ ಕೆನಡಾದಲ್ಲಿ ಸ್ಕ್ಯಾನ್ ಮಾಡಿಯೇ ಅದನ್ನು ತೋರಿಸಿದ್ದಾರೆ. ಅದಕ್ಕೇ ಬ್ಲೂರಾಕ್‌ನವರು ಈಗ ಸುಮಾರು 100 ಮಂದಿಯ ದೊಡ್ಡ ಪರೀಕ್ಷೆ ಮಾಡುತ್ತಿದ್ದಾರೆ. ಅದರಲ್ಲಿ ಕೆಲವರಿಗೆ ತೋರಿಕೆಯ ಆಪರೇಷನ್ ಮಾತ್ರ.

ಮಂಗಳೂರು ಮಳೆ:

ನಡುವೆ ಒಂದು ಪ್ರಶ್ನೆ. ಮಗು ಹುಟ್ಟುವಾಗ ನಾವು ಹೊಕ್ಕುಳಬಳ್ಳಿ ರಕ್ತ ಹಣ ಕಟ್ಟಿ ಬ್ಯಾಂಕಿನಲ್ಲಿ ಇಟ್ಟಿದ್ದೇವೆ. ಅಜ್ಜನ ಪಾರ್ಕಿನ್ಸನ್ಸ್‌ಗೆ ಅದು ಬರುತ್ತದಾ?

ಬಜ್ಪೆ ಮೂಲ, ಈಗ ಲ್ಯಾಬಿನಲ್ಲಿ:

ಇಲ್ಲ. ಅದರಲ್ಲಿರುವುದು ಮುಖ್ಯವಾಗಿ ರಕ್ತ ತಯಾರಿಸುವ ಕೋಶ. ಕೆಲವು ರಕ್ತದ ಕಾಯಿಲೆಗೆ ಉಪಯೋಗ ಉಂಟು, ಪಾರ್ಕಿನ್ಸನ್ಸ್‌ಗೆ ಇಲ್ಲ.

ಮಲ್ಪೆ ಬಂದರು:

ಎಲ್ಲರೂ ಕಾಯಿರಿ ಕಾಯಿರಿ ಎನ್ನುತ್ತೀರಿ. ಹೇಳುವುದು ಸುಲಭ.

ನನ್ನ ಗಂಡನಿಗೆ 47. ಬೋಟಿನಲ್ಲಿ ತಾಂಡೇಲರಾಗಿದ್ದರು. ಸ್ಟೇರಿಂಗ್ ಹಿಡಿದ ಕೈ ನಡುಗುವುದನ್ನು ಕಲಾಸಿಗಳು ನೋಡಿ "ಕುಡಿತದ್ದು" ಎಂದು ಮಾತಾಡಿದರು. ಅವರು ಒಂದು ತೊಟ್ಟು ಮುಟ್ಟಿದವರಲ್ಲ. ಈಗ ಎರಡು ಮೀನುಗಾರಿಕೆ ಋತು ಮನೆಯಲ್ಲೇ ಕಳೆದವು. ಮಗಳು ಪಿಯುಸಿ. ಸಂಜೆ ಬಂದರಿನಿಂದ ಬೋಟಿನ ಶಬ್ದ ಕೇಳುವಾಗ ಅವರು ಟಿವಿ ದೊಡ್ಡದು ಮಾಡುತ್ತಾರೆ.

ಜಪಾನ್ ಆಗಲಿ, ಅಮೆರಿಕ ಆಗಲಿ, ಹತ್ತು ವರ್ಷ ಬಿಟ್ಟು ಬಂದರೆ ನಮಗೆ ಏನು ಪ್ರಯೋಜನ? ಡ್ರಿಪ್‌ನಿಂದ ನೂರರಲ್ಲಿ ಒಂದು ಪಾಲು ಒಳ್ಳೆಯದಾಗುವುದಾದರೂ ನಾನು ಕೊಡಿಸುತ್ತೇನೆ. ಸುಮ್ನೆ ಕೂರಲಿಕ್ಕೆ ನನ್ನಿಂದ ಆಗುವುದಿಲ್ಲ.

ಹಳೆಯಂಗಡಿ ಮಾಸ್ಟ್ರು:

ಮಗಳೇ, ನಿನ್ನ ಮಾತು ಓದಿ ಮೊಮ್ಮಗಳ ಹತ್ತಿರ ಎರಡು ಸಲ ಓದಿಸಿದೆ. ಕಾಯುವುದು ಸುಲಭ ಎಂದು ನಾನು ಹೇಳುವುದಿಲ್ಲ. ಎದ್ದು ನಿಲ್ಲಲಿಕ್ಕೆ ಕಾಯುವುದು, ಅಂಗಿಯ ಗುಂಡಿಗೆ ಕಾಯುವುದು, ನನ್ನ ದಿನ ಪೂರ್ತಿ ಕಾಯುವುದೇ.

ನಾನೂ ಒಮ್ಮೆ ಹಣ ತೆಗೆದು ಇಟ್ಟವನು. ಹೋಗುವ ಮುಂಚೆ ನಮ್ಮ ನರರೋಗ ಡಾಕ್ಟರಲ್ಲಿ ಕೇಳಿದೆ. ಅವರು ಒಂದೇ ಪ್ರಶ್ನೆ ಹಾಕಿದರು: "ಮಾಸ್ಟ್ರೇ, ಪರೀಕ್ಷೆಯ ಫಲಿತಾಂಶವನ್ನೇ ತೋರಿಸದ ಶಾಲೆಗೆ ನಿಮ್ಮ ಮಗನನ್ನು ಸೇರಿಸುತ್ತಿದ್ದಿರಾ?" ಆ ಹಣದಲ್ಲಿ ಬಚ್ಚಲಿಗೆ ಹಿಡಿಕೆ ಹಾಕಿಸಿದೆ, ದಿನಾ ಫಿಸಿಯೋಥೆರಪಿಗೆ ಹೋದೆ.

ಬಜ್ಪೆ ಮೂಲ, ಈಗ ಲ್ಯಾಬಿನಲ್ಲಿ:

ಮಲ್ಪೆಯ ಅಕ್ಕ, ನೂರರಲ್ಲಿ ಒಂದು ಎಂದಿರಿ. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡೇ ಉತ್ತರಿಸುತ್ತೇನೆ.

ಡ್ರಿಪ್‌ನಲ್ಲಿ ಬಿಟ್ಟ ಆ ಕೋಶಗಳಲ್ಲಿ ಹೆಚ್ಚಿನವು ಮೊದಲು ಶ್ವಾಸಕೋಶದಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಒಂದು ಗಟ್ಟಿ ತಡೆ ಉಂಟು. ಅದನ್ನೂ ದಾಟಿ ಹೋದವು ಅಂತಿಟ್ಟುಕೊಳ್ಳಿ, ಮಜ್ಜೆಯ ಕೋಶ ಅಲ್ಲಿ ಡೋಪಮಿನ್ ಕೋಶ ಆಗಿ ಬೇರು ಬಿಡುವುದಿಲ್ಲ. ಮಜ್ಜೆಯ ಕೋಶವನ್ನು ನೇರವಾಗಿ ಮಿದುಳಿಗೇ ಹಾಕಿ ನೋಡಿದ್ದೂ ಉಂಟು. ಬೆಂಗಳೂರಿನ ಒಂದು ತಂಡ ಏಳು ಮಂದಿಗೆ ಮಾಡಿ 2010ರಲ್ಲಿ ಪ್ರಕಟಿಸಿತು. ಪ್ರಾಮಾಣಿಕ ಪ್ರಯತ್ನ. ಆದರೆ ಹೋಲಿಸಿ ನೋಡಲಿಕ್ಕೆ ಇನ್ನೊಂದು ಗುಂಪು ಇರಲಿಲ್ಲ. ಹಾಗಾಗಿ ಅದರ ಮೇಲೆ ಚಿಕಿತ್ಸೆ ಎಂದು ಮಾರಲಿಕ್ಕೆ ಬರುವುದಿಲ್ಲ.

ಇನ್ನು ನಿಮಗೆ ಮುಖ್ಯವಾದ ಮಾತು. ಇಂಥ ಟ್ರಯಲ್‌ಗಳು, ಅಂದರೆ ರೋಗಿಗಳಲ್ಲಿ ಮಾಡುವ ಪರೀಕ್ಷೆಗಳು, ಹುಡುಕುವುದು ಹೆಚ್ಚುಕಡಿಮೆ ನಿಮ್ಮ ಯಜಮಾನರಂಥವರನ್ನೇ: ತೀರಾ ವಯಸ್ಸಾಗಿಲ್ಲ, ಮಾತ್ರೆಗೆ ಮೈ ಚೆನ್ನಾಗಿ ಸ್ಪಂದಿಸುತ್ತದೆ, ನೆನಪು ಗಟ್ಟಿ ಇದೆ. ಮೊದಲೇ ಎಲ್ಲೋ ಕೋಶ ಚಿಕಿತ್ಸೆ ತೆಗೆದುಕೊಂಡವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಅಂದರೆ ಇವತ್ತಿನ ಡ್ರಿಪ್, ನಾಳಿನ ನಿಜವಾದ ಬಾಗಿಲನ್ನೇ ಮುಚ್ಚಬಹುದು. ನಷ್ಟ ಹಣದ್ದು ಮಾತ್ರ ಅಲ್ಲ.

ಮತ್ತೆ ಸುಮ್ನೆ ಹತ್ತು ವರ್ಷ ಎಂದು ಯಾರೂ ಹೇಳಿಲ್ಲ. ಕ್ಯೋಟೋದ ಕೋಶಕ್ಕೆ ಸುಮಿಟೊಮೊ ಕಂಪನಿ 2025ರ ಆಗಸ್ಟ್‌ನಲ್ಲಿ ಜಪಾನ್ ಸರ್ಕಾರದ ಅನುಮತಿಗೆ ಅರ್ಜಿ ಹಾಕಿತು. ಲುಂಡ್ ಮತ್ತು ಕೇಂಬ್ರಿಡ್ಜ್‌ನವರು ಸೇರಿ 2023ರಿಂದ ಇನ್ನೊಂದು ಟ್ರಯಲ್ ಮಾಡುತ್ತಿದ್ದಾರೆ, ಎಂಟು ಮಂದಿಯದು. ಕೆಲಸ ನಡೆಯುತ್ತಿದೆ.

ಶಂಕರಪುರದ ಅಕ್ಕನಿಗೂ ಒಂದು ಮಾತು, ಮನಸ್ಸಿಲ್ಲದೆ ಹೇಳುತ್ತಿದ್ದೇನೆ. ಈ ನೇಜಿ ಚೆನ್ನಾಗಿ ಹಿಡಿದರೂ ಸರಿಯಾಗಬಹುದಾದದ್ದು ಚಲನೆ. ಮಲಬದ್ಧತೆ, ನಿದ್ದೆ, ಮರೆವು, ವಾಸನೆ, ಇವು ಬೇರೆ ಜಾಗದ ತೊಂದರೆಗಳು. ಹೂವಿನ ಪರಿಮಳ ಇದರಿಂದ ವಾಪಸ್ ಬರುವುದಿಲ್ಲ. 1990ರ ಸುಮಾರಿಗೆ ನೆಟ್ಟ ಅಂಗಾಂಶಗಳನ್ನು ರೋಗಿಗಳು ತೀರಿಹೋದ ಮೇಲೆ ನೋಡಿದಾಗ, ಕೆಲವು ಹೊಸ ಕೋಶಗಳಿಗೂ ಕಾಯಿಲೆ ಅಂಟಿದ್ದು ಕಂಡಿತ್ತು. ಆದರೆ ಅದಕ್ಕೆ ಹನ್ನೊಂದರಿಂದ ಹದಿನಾರು ವರ್ಷ ಹಿಡಿದಿತ್ತು.

ದೇರಳಕಟ್ಟೆ ಫಿಸಿಯೋ:

ನನಗೆ ಲ್ಯಾಬ್ ಗೊತ್ತಿಲ್ಲ. ಮನೆಯೊಳಗಿನದ್ದು ಹೇಳುತ್ತೇನೆ. ಎಷ್ಟೋ ಮನೆಗಳಲ್ಲಿ ಮಾತ್ರೆ ಕೆಲಸ ಮಾಡುತ್ತಿಲ್ಲ ಎನ್ನುತ್ತಾರೆ. ವಿಚಾರಿಸಿದರೆ ಮಾತ್ರೆ ಊಟದ ನಡುವೆ ನುಂಗಿರುತ್ತಾರೆ. ಮೀನು, ಮೊಟ್ಟೆ, ಬೇಳೆಯ ಪ್ರೊಟೀನ್ ಈ ಮಾತ್ರೆಯ ದಾರಿಗೆ ಅಡ್ಡ ಬರುತ್ತದೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಬರೀ ನೀರಿನಲ್ಲಿ ತೆಗೆದುಕೊಳ್ಳಿ. ಬಂಗುಡೆ ಸಾರು ಬಿಡಬೇಕಾಗಿಲ್ಲ, ಮಾತ್ರೆಗೂ ಸಾರಿಗೂ ಅಂತರ ಇದ್ದರೆ ಆಯಿತು. ವಾಂತಿ ಬಂದ ಹಾಗಾದರೆ ಮೊದಲು ಡಾಕ್ಟರಲ್ಲಿ ಕೇಳಿ.

ಬಿ.ಸಿ.ರೋಡ್ ಕಡೆಯ ಒಬ್ಬರು ಅಜ್ಜಿ ಬರುತ್ತಿದ್ದರು. ನಲವತ್ತು ವರ್ಷ ಬೀಡಿ ಕಟ್ಟಿದವರು. ಹೆಬ್ಬೆರಳು ತೋರುಬೆರಳು ಉಜ್ಜುವ ಹಾಗೆ ಕೈ ನಡುಗುತ್ತಿತ್ತು. ಮನೆಯವರು "ಕಟ್ಟಿ ಕಟ್ಟಿ ಅಭ್ಯಾಸ ಆಗಿದೆ, ನಿದ್ದೆ ಬಂದರೆ ನಿಲ್ಲುತ್ತದೆ" ಎಂದು ಮೂರು ವರ್ಷ ಬಿಟ್ಟಿದ್ದರು. ಪಾರ್ಕಿನ್ಸನ್ಸ್ ನಡುಕವೂ ನಿದ್ದೆಯಲ್ಲಿ ನಿಲ್ಲುತ್ತದೆ. ಅವರಿಗೆ ದೊಡ್ಡ ಕಷ್ಟ ಹೊಸ್ತಿಲು. ಅಲ್ಲಿಗೆ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ. ಹೊಸ್ತಿಲಿನ ಈಚೆ ನೆಲಕ್ಕೆ ಕೆಂಪು ಟೇಪ್ ಅಡ್ಡಡ್ಡ ಅಂಟಿಸಿದೆವು, ಒಂದೊಂದು ಹೆಜ್ಜೆಗೆ ಒಂದು. "ಗೆರೆ ದಾಟಿ" ಎಂದರೆ ದಾಟುತ್ತಾರೆ. ಟೇಪಿನ ಖರ್ಚು ಐವತ್ತು ರೂಪಾಯಿ ಕೂಡ ಆಗಲಿಲ್ಲ.

ಮಲ್ಪೆಯವರೇ, ಯಜಮಾನರು ಮಗಳೊಟ್ಟಿಗೆ ದಿನಾ ಬೀಚಿನಲ್ಲಿ ಬಿರುಸಾಗಿ ನಡೆಯಲಿ, ಗಟ್ಟಿ ಮರಳಿನ ಮೇಲೆ. ಸಮಾಧಾನಕ್ಕೆ ಹೇಳುವುದಲ್ಲ. ವ್ಯಾಯಾಮವೂ ಚಿಕಿತ್ಸೆಯ ಭಾಗವೇ.

ಶಂಕರಪುರದ ಮಗಳು:

ಮೂರು ವಾರ ಆಯಿತು. ಏನಾಯಿತು ಎಂದು ಹೇಳಬೇಕು ಅಲ್ವಾ.

ಇಲ್ಲಿನ ಉತ್ತರಗಳನ್ನೆಲ್ಲ ಅಣ್ಣನಿಗೆ ಕಳಿಸಿದೆ. ಅವನು ಎರಡು ದಿನ ಮಾತಾಡಲಿಲ್ಲ. ಆಮೇಲೆ "ನಾವೇ ಕೇಳಿ ನೋಡುವ" ಎಂದ. ಇಬ್ಬರೂ ಸೇರಿ ಆ ಕ್ಲಿನಿಕ್‌ಗೆ ಫೋನ್ ಮಾಡಿದೆವು. ಯಾವ ಕೋಶ, ಎಲ್ಲಿಂದ ತೆಗೆಯುತ್ತೀರಿ, ಮಿದುಳಿನ ಯಾವ ಜಾಗಕ್ಕೆ ಹೋಗುತ್ತದೆ, ಸಿಟಿಆರ್‌ಐ (ಟ್ರಯಲ್‌ಗಳನ್ನು ನೋಂದಾಯಿಸುವ ಸರ್ಕಾರಿ ಪಟ್ಟಿ) ನಂಬರ್ ಎಷ್ಟು, ಎಥಿಕ್ಸ್ ಸಮಿತಿಯ ಪತ್ರ ಉಂಟಾ ಎಂದು ಕೇಳಿದೆವು. ಮೊದಲು "ಡಾಕ್ಟರ್ ಹೇಳುತ್ತಾರೆ" ಎಂದರು. ಮತ್ತೆ "ಇದು ಟ್ರಯಲ್ ಅಲ್ಲ ಮೇಡಂ, ಟ್ರೀಟ್‌ಮೆಂಟ್" ಎಂದರು. ಕೊನೆಗೆ "ಈ ವಾರ ಬುಕ್ ಮಾಡಿದರೆ ಐವತ್ತು ಸಾವಿರ ಕಡಿಮೆ" ಎಂದರು. ಅಣ್ಣ ಫೋನ್ ಇಟ್ಟ.

ಬಜ್ಪೆಯವರೇ, ವೈದ್ಯಕೀಯ ಸಂಶೋಧನೆಯ ಸರ್ಕಾರಿ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿಯನ್ನೂ ಓದಿದೆ. ರಕ್ತದ ಕಾಯಿಲೆಗಳಂಥ ಕೆಲವಕ್ಕೆ ಬಿಟ್ಟರೆ ಬೇರೆ ಎಲ್ಲ ಸ್ಟೆಮ್ ಸೆಲ್ ಚಿಕಿತ್ಸೆಯೂ ಅನುಮತಿ ಪಡೆದ ಟ್ರಯಲ್ ಒಳಗೆ ಮಾತ್ರ ಆಗಬೇಕು ಎಂದು ಬರೆದಿದೆ. ಟ್ರಯಲ್ ಆದರೆ ರೋಗಿಯಿಂದ ಹಣ ತೆಗೆದುಕೊಳ್ಳುವ ಹಾಗಿಲ್ಲ.

ಬಜ್ಪೆ ಮೂಲ, ಈಗ ಲ್ಯಾಬಿನಲ್ಲಿ:

ಒಂದು ಸೇರಿಸುತ್ತೇನೆ ಅಕ್ಕ. ಸಿಟಿಆರ್‌ಐ ನಂಬರ್ ಕೊಟ್ಟರೂ ಅಲ್ಲಿಗೇ ನಿಲ್ಲಿಸಬೇಡಿ. ಹೆಸರು ನೋಂದಾಯಿಸಿದ ಮಾತ್ರಕ್ಕೆ ಸರ್ಕಾರದ ಅನುಮತಿ ಸಿಕ್ಕಿದೆ ಎಂದಲ್ಲ. ಔಷಧ ಮತ್ತು ಟ್ರಯಲ್‌ಗಳಿಗೆ ಅನುಮತಿ ಕೊಡುವ ಕೇಂದ್ರದ ಅಧಿಕಾರಿ ಡಿಸಿಜಿಐ. ಅವರ ಅನುಮತಿ ಉಂಟಾ ಎಂದು ಬೇರೆಯಾಗಿ ಕೇಳಬೇಕು.

ಶಂಕರಪುರದ ಮಗಳು:

ಸರಿ, ಬರೆದಿಟ್ಟುಕೊಂಡೆ.

ಮಣಿಪಾಲಕ್ಕೆ ಹೋಗಿ ಬಂದೆವು. ಅಮ್ಮ ಯಾವಾಗ ಚೆನ್ನಾಗಿರುತ್ತಾರೆ, ಯಾವಾಗ ಇಳಿಯುತ್ತಾರೆ ಎಂದು ನಾಲ್ಕು ದಿನ ಗಂಟೆಗಂಟೆಗೆ ಬರೆದುಕೊಂಡು ಹೋಗಿದ್ದೆ. ಡಾಕ್ಟರ್ ಆ ಹಾಳೆಯನ್ನು ತುಂಬಾ ಹೊತ್ತು ನೋಡಿದರು. ನಾಲ್ಕು ಸಲದ ಮಾತ್ರೆಯನ್ನು ಐದು ಸಲಕ್ಕೆ ಹಂಚಿದರು, ಇನ್ನೊಂದು ಸಣ್ಣ ಮಾತ್ರೆ ಸೇರಿಸಿದರು. ಮಿದುಳಿಗೆ ತಂತಿ ಹಾಕುವ ಡಿಬಿಎಸ್ ಆಪರೇಷನ್ ಬೇಕಾ ಎಂದು ಮುಂದೆ ನೋಡುವ, ಈಗಲೇ ಬೇಡ ಎಂದರು.

ಈಗ ಅಮ್ಮನ ಮಾತ್ರೆ ಆರಕ್ಕೆ. ಆರೂಮುಕ್ಕಾಲಿಗೆ ಜಗಲಿಗೆ ಬರುತ್ತಾರೆ. ಎಲ್ಲ ಹೂ ಕಟ್ಟಲಿಕ್ಕೆ ಆಗುವುದಿಲ್ಲ. ಮಾರಲಿಕ್ಕೆ ಹೂವಿನ ಕಟ್ಟೆಗೆ ಕೊಡುವುದನ್ನು ನಾನು, ಅತ್ತಿಗೆ ಕಟ್ಟುತ್ತೇವೆ. ದೇವರ ಫೋಟೋಕ್ಕೆ ಒಂದು ಮೊಳ ಅಮ್ಮನದೇ. ನಿನ್ನೆ ಕಟ್ಟಿ ಮುಗಿಸಿ ನನ್ನ ಮೂಗಿನ ಹತ್ತಿರ ಹಿಡಿದು "ಪರಿಮಳ ಉಂಟಾ ನೋಡು" ಎಂದರು. ಉಂಟಮ್ಮ ಎಂದೆ.

ಮಲ್ಪೆಯ ಅಕ್ಕ, ನೀವು ಓದುತ್ತಿದ್ದರೆ ಹೇಳಿ. ಬುಧವಾರ ನಮಗೆ ಮತ್ತೆ ಮಣಿಪಾಲದಲ್ಲಿ ತೋರಿಸಲಿಕ್ಕೆ ಉಂಟು. ಒಟ್ಟಿಗೆ ಹೋಗಬಹುದು. ಆ ಹಾಳೆ ಹೇಗೆ ಬರೆಯುವುದು ಎಂದು ಫೋಟೋ ಹಾಕಿದ್ದೇನೆ.

ಮಲ್ಪೆ ಬಂದರು:

ಓದುತ್ತಿದ್ದೇನೆ. ಹಾಳೆ ಮಗಳು ಗೆರೆ ಎಳೆದು ಮಾಡಿದಳು. ಇವರೇ ಪೆನ್ ಹಿಡಿದು ತುಂಬುತ್ತಿದ್ದಾರೆ. ಅಕ್ಷರ ಸಣ್ಣ ಸಣ್ಣ ಆಗುತ್ತಾ ಹೋಗುತ್ತದೆ, ಆದರೂ ಬೇರೆಯವರಿಗೆ ಬರೆಯಲಿಕ್ಕೆ ಕೊಡುವುದಿಲ್ಲ. ಬೋಟಿನಲ್ಲಿ ಇದ್ದಾಗಲೂ ಎಷ್ಟು ಹೊತ್ತಿಗೆ ಬಲೆ ಬಿಟ್ಟದ್ದು, ಎಳೆದದ್ದು ಎಂದು ಇವರೇ ಪುಸ್ತಕದಲ್ಲಿ ಬರೆಯುತ್ತಿದ್ದದ್ದು.

ಬುಧವಾರ ಬರುತ್ತೇವೆ. ಮೊದಲ ಬಸ್ಸಿಗೆ ಬೇಡ, ಎಂಟರ ಮಾತ್ರೆ ಹಿಡಿದ ಮೇಲೆ ಹೊರಡುವ ಎಂದಿದ್ದಾರೆ.